ಏನು ಬದಲಾಯಿತು, ಏಕೆ ಬದಲಾಯಿತು

ಯುನಿಕೋಡ್‌ನ 15.0 ಆವೃತ್ತಿ 2022ರ ಸೆಪ್ಟೆಂಬರ್‌ನಲ್ಲಿ ಬಂದಾಗ ಕನ್ನಡದ ಪಾಲಿಗೆ ಸಿಕ್ಕಿದ್ದು ಒಂದೇ ಚಿಹ್ನೆ: ಅಕ್ಷರದ ಬಲಮೇಲ್ತುದಿಯಲ್ಲಿ ಕೂರುವ ಅನುಸ್ವಾರ. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿ, ಅವಧಿ ಮತ್ತು ಹವ್ಯಕ ಕನ್ನಡಕ್ಕೆ ಇದು ಬೇಕೆಂದು ಯುನಿಕೋಡ್ ತನ್ನ ಪ್ರಕಟಣೆಯಲ್ಲೇ ತಿಳಿಸಿತು. ಮುರ್ಡೇಶ್ವರದ ಮಗ್ಗುಲಿನ ಕಾಯ್ಕಿಣಿಯಿಂದ ಹೊನ್ನಾವರ, ಕುಮಟೆಯವರೆಗೆ ಮನೆಯಲ್ಲಿ ಕೊಂಕಣಿಯನ್ನೋ ಹವ್ಯಕವನ್ನೋ ಆಡುವವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಅಕ್ಷರ ತೆರೆಯ ಮೇಲೆ ಮೂಡುವುದಿಲ್ಲ. ಫಾಂಟ್ ಅದನ್ನು ಬರೆದುಕೊಳ್ಳಬೇಕು, ಅಕ್ಷರ ಜೋಡಿಸುವ ತಂತ್ರಾಂಶ ಅದನ್ನು ಗುರುತಿಸಬೇಕು, ಕೀಲಿಮಣೆಯಲ್ಲಿ ಅದಕ್ಕೊಂದು ಜಾಗ ಬೇಕು, ಕೊನೆಗೆ ಇವೆಲ್ಲ ಪ್ಯಾಕೇಜ್‌ಗಳಾಗಿ ಬಳಕೆದಾರರನ್ನು ತಲುಪಬೇಕು. ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಬೇಕಾದರೆ ಪ್ರತಿಯೊಂದರ ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ದಾಖಲೆ, ತೆರೆದು ನೋಡಬೇಕು.

ಬದಲಾವಣೆಯನ್ನು ಯಂತ್ರವೇ ನೆನಪಿಡುವ ವ್ಯವಸ್ಥೆ 1972ರಷ್ಟು ಹಳೆಯದು. ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರೋಚ್‌ಕೈಂಡ್ ಎಸ್‌ಸಿಸಿಎಸ್ ಕಟ್ಟಿದರು. 1982ರಲ್ಲಿ ವಾಲ್ಟರ್ ಟಿಚಿಯವರ ಆರ್‌ಸಿಎಸ್, ಆಮೇಲೆ ಸಿವಿಎಸ್, ಸಬ್‌ವರ್ಷನ್, 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರ ಗಿಟ್. ಯಾವ ಸಾಲು ಹೋಯಿತು, ಯಾವುದು ಬಂತು ಎಂಬುದನ್ನು ಇವು ತಪ್ಪದೆ ಹೇಳುತ್ತವೆ. ಏಕೆ ಎಂಬುದನ್ನು ಮಾತ್ರ ಮನುಷ್ಯರೇ ಬರೆಯಬೇಕು. ಗ್ನೂ ಯೋಜನೆಯವರು ಚೇಂಜ್‌ಲಾಗ್ ಎಂಬ ಕಡತದಲ್ಲಿ ದಿನಾಂಕ, ಹೆಸರು, ಬದಲಾದ ಕಡತಗಳನ್ನು ಬರೆದಿಡುವ ಶಿಸ್ತನ್ನು ಬೆಳೆಸಿದರು.

ಆ ಶಿಸ್ತು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಇನ್ನಷ್ಟು ಬಿಗಿಯಾಯಿತು. ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಡೆಬಿಯನ್ ಪ್ಯಾಕೇಜ್‌ಗಳಾಗಿವೆ. ಪ್ಯಾಕೇಜನ್ನು ಹಾಕಿಕೊಂಡರೆ ಅದರ ದಾಖಲೆಯೂ ಜೊತೆಯಲ್ಲೇ ಬರುತ್ತದೆ. ಮೊದಲ ಸಾಲಿನಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ಎಷ್ಟು ತುರ್ತು ಎಂಬ ಸೂಚನೆ. ಕೆಳಗೆ ನಕ್ಷತ್ರ ಚಿಹ್ನೆ ಹಾಕಿದ ಸಾಲುಗಳು, ಯಾವುದಾದರೂ ದೂರು ಬಗೆಹರಿದಿದ್ದರೆ ಅದರ ಬಗ್ ಸಂಖ್ಯೆ. ಕೊನೆಯಲ್ಲಿ ಹೊಣೆಗಾರರ ಹೆಸರು, ದಿನ, ಗಳಿಗೆ. ಇಲ್ಲಿ ನನಗೆ ಬಹಳ ಹಿಡಿಸಿದ ಏರ್ಪಾಡು ಒಂದಿದೆ: ಪ್ಯಾಕೇಜಿನ ಆವೃತ್ತಿ ಸಂಖ್ಯೆಯನ್ನು ಡೆಬಿಯನ್ ಈ ಕಡತದ ಮೇಲಿನ ನಮೂದಿನಿಂದಲೇ ಓದಿಕೊಳ್ಳುತ್ತದೆ. ದಾಖಲೆ ಬರೆಯದೆ ಹೊಸ ಆವೃತ್ತಿಯೇ ಇಲ್ಲ.

ಕನ್ನಡಕ್ಕೆ ಈ ಶಿಸ್ತು ತಡವಾಗಿ ಬಂತು. 1998ರಲ್ಲಿ ಬಂದ ಬರಹ, ಆಮೇಲಿನ ನುಡಿ ತಂತ್ರಾಂಶಗಳು ನಾಡಿಗೆ ಮಾಡಿದ ಉಪಕಾರ ದೊಡ್ಡದು. ಸಾವಿರಾರು ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆದದ್ದು ಅವುಗಳಿಂದಲೇ. ಆದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕೂರಿಸಿದ್ದರಿಂದ, ಒಂದು ಫಾಂಟ್‌ನಲ್ಲಿ ಬರೆದದ್ದು ಇನ್ನೊಂದರಲ್ಲಿ ಕಲಸುಮೇಲೋಗರವಾಗುತ್ತಿತ್ತು. ಮುಚ್ಚಿದ ತಂತ್ರಾಂಶದಲ್ಲಿ ಒಂದು ತುಣುಕು ಅಲ್ಲೇ ಏಕಿದೆ ಎಂದು ಹೊರಗಿನವರು ನೋಡಿ ತಿಳಿಯುವಂತಿರಲಿಲ್ಲ. 2004ರಲ್ಲಿ ರೆಡ್ ಹ್ಯಾಟ್ ಲೋಹಿತ್ ಫಾಂಟ್‌ಗಳನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟ ಮೇಲೆ ಚಿತ್ರ ಬದಲಾಗತೊಡಗಿತು.

ದಾಖಲೆಯ ಬೆಲೆ ತಿಳಿಯಲು ರ‍್ಯಾಂಕ್ ಎಂಬ ಪದ ಸಾಕು. ಸೂರ್ಯ ಎನ್ನುವಲ್ಲಿ ರಕಾರ ಅರ್ಕಾವೊತ್ತಾಗುತ್ತದೆ; ರ‍್ಯಾಂಕ್‌ನಲ್ಲಿ ಅದು ಪೂರ್ತಿಯಾಗಿ ನಿಂತು ಯಕಾರ ಒತ್ತಾಗಬೇಕು. ಅದಕ್ಕಾಗಿ ಕಣ್ಣಿಗೆ ಕಾಣದ ಜೋಡಕವೊಂದನ್ನು ರಕಾರದ ನಂತರ, ವಿರಾಮಕ್ಕೆ (ಅರ್ಧಾಕ್ಷರ ಮಾಡುವ ಚಿಹ್ನೆಗೆ) ಮೊದಲು ಹಾಕಬೇಕು. ಹಳೆಯ ಕಡತಗಳಲ್ಲಿ ಅದು ವಿರಾಮದ ನಂತರ ಬಂದಿರುವುದೂ ಉಂಟು. ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎರಡನ್ನೂ ಒಂದೇ ಆಗಿ ಕಾಣುತ್ತದೆ. ಕನ್ನಡದ ಹಳೆಯ ಬಳಕೆಗೆ ಹೊಂದಿಕೆಯಾಗಲೆಂದು ಹೀಗೆ ಮಾಡಿದೆ ಎಂಬ ಟಿಪ್ಪಣಿ ಅದರ ಮೂಲ ಸಂಕೇತದಲ್ಲೇ ಇದೆ, ಜೊತೆಗೆ 435ನೇ ದೂರಿನ ಕೊಂಡಿ. ಆ ಟಿಪ್ಪಣಿ ಇಲ್ಲದಿದ್ದರೆ, ಮುಂದೆ ಯಾರಾದರೂ ಇದೊಂದು ಬೇಡದ ಸಾಲು ಎಂದು ಅಳಿಸಿಬಿಡುವ ಅಪಾಯವಿತ್ತು. ಕನ್ನಡ ಫಾಂಟ್ ತಿದ್ದುವವರೂ ಹೀಗೇ ಬರೆಯಬೇಕು. ‘ಒತ್ತಕ್ಷರ ಸರಿಪಡಿಸಿದೆ’ ಎಂದರೆ ಸಾಲದು, ಯಾವ ಪದದಲ್ಲಿ ಯಾವ ಒತ್ತು ಕೆಟ್ಟಿತ್ತು ಎಂಬುದೂ ಬೇಕು.

ತಪ್ಪನ್ನು ಅಳಿಸಲಾಗದ ಕಡೆಯೂ ದಾಖಲೆ ನೆರವಾಗುತ್ತದೆ. ಹಳಗನ್ನಡದ ೞ ಯುನಿಕೋಡ್‌ನಲ್ಲಿ ‘ಫ’ ಎಂಬ ತಪ್ಪು ಹೆಸರು ಹೊತ್ತು ಕೂತಿದೆ. ಒಮ್ಮೆ ಕೊಟ್ಟ ಹೆಸರು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ಹೆಸರನ್ನು ಉಳಿಸಿಕೊಂಡು, ಅದು ತಪ್ಪೆಂದು ನಮೂದಿಸಿ, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವಾಗಿ ಸೇರಿಸಿದ್ದಾರೆ. ಇದು ಪ್ರಾಮಾಣಿಕ ದಾರಿ ಎಂದೇ ನನ್ನ ಎಣಿಕೆ.

2014ರಲ್ಲಿ ಒಲಿವಿಯೆ ಲಕಾನ್ ‘ಕೀಪ್ ಎ ಚೇಂಜ್‌ಲಾಗ್’ ಎಂಬ ಮಾರ್ಗಸೂಚಿ ಬರೆದರು. ಸೇರಿದ್ದು, ಬದಲಾದದ್ದು, ತೆಗೆದದ್ದು, ಸರಿಪಡಿಸಿದ್ದು ಎಂದು ವಿಂಗಡಿಸಿ ಬಳಸುವವರಿಗಾಗಿ ಬರೆಯಿರಿ, ಗಿಟ್ ಕಮಿಟ್‌ಗಳನ್ನು ತಂದು ಸುರಿಯಬೇಡಿ ಎಂಬುದು ಅದರ ತಿರುಳು. ಅನೇಕ ಯೋಜನೆಗಳು ಅದನ್ನು ಒಪ್ಪಿಕೊಂಡಿವೆ.

ದಾಖಲೆ ಚೆನ್ನಾಗಿದ್ದರೂ ಪ್ಯಾಕೇಜ್ ಅದಕ್ಕೆ ಹೊಂದದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ ತೋರಿಸಿತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದನ್ನು ಬೆನ್ನುಹತ್ತಿದ ಆಂಡ್ರೆಸ್ ಫ್ರಾಯ್ಂಡ್, ಎಕ್ಸ್‌ಝಡ್ ಪ್ಯಾಕೇಜಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಅಡಗಿಸಿಟ್ಟ ಕಳ್ಳದಾರಿಯನ್ನು ಪತ್ತೆಹಚ್ಚಿದರು. ಅದನ್ನು ಚಾಲೂ ಮಾಡುವ ತುಣುಕು ಬಿಡುಗಡೆಯ ಕಟ್ಟಿನಲ್ಲಿತ್ತು, ಗಿಟ್‌ನಲ್ಲಿ ಇರಲಿಲ್ಲ. ಕನ್ನಡ ಫಾಂಟ್‌ಗಳಿಗೂ ಇದೇ ಪರೀಕ್ಷೆ ಬೇಕು. ಅಕ್ಷರಗಳ ರೇಖೆ, ಒತ್ತಕ್ಷರದ ನಿಯಮ ಎಲ್ಲವೂ ಗಿಟ್‌ನಲ್ಲಿದ್ದು, ಟಿಟಿಎಫ್ ಕಡತ ಅದರಿಂದಲೇ ತಯಾರಾಗಬೇಕು. ಗಿಟ್‌ನಲ್ಲಿಲ್ಲದ ಒಂದು ರೇಖೆ ಟಿಟಿಎಫ್‌ನಲ್ಲಿ ಕಂಡರೂ ಅದನ್ನು ಬಗ್ ಎಂದೇ ದಾಖಲಿಸಬೇಕು.