ಹೆಜ್ಜೆಗೊಂದು ನ್ಯಾಯ: ಬಾಸ್ಕೆಟ್‌ಬಾಲ್ ನಿಯಮದ ಕಥೆ



ಗೋಕಾಕ, ಮೂಡಲಗಿ, ಹುಕ್ಕೇರಿಯ ಮೈದಾನಗಳಲ್ಲಿ ಖೋಖೋ ಆಡಿ ಬೆಳೆದ ನಿಮಗೆ ಒಂದು ಕಟ್ಟುಪಾಡು ಚೆನ್ನಾಗಿ ಗೊತ್ತು. ಬೆನ್ನಟ್ಟುವವರು ಒಮ್ಮೆ ದಿಕ್ಕು ಹಿಡಿದರೆ ನಡುದಾರಿಯಲ್ಲಿ ಹಿಂದಿರುಗುವಂತಿಲ್ಲ. ಈ ಕಟ್ಟು ಇಲ್ಲದಿದ್ದರೆ ಖೋಖೋ ಬರಿಯ ಮುಟ್ಟಾಟವಾಗುತ್ತಿತ್ತು. ಬಾಸ್ಕೆಟ್‌ಬಾಲ್ ಆಟದಲ್ಲಿಯೂ ಕಾಲಿಗೆ ಇಂಥದೇ ಒಂದು ಕಟ್ಟು ಇದೆ. ಅದನ್ನು ಮೀರಿದರೆ ‘ಟ್ರಾವೆಲಿಂಗ್’. ತೀರ್ಪುಗಾರರು ಸೀಟಿ ಊದಿ ಎರಡೂ ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸುತ್ತಾರೆ. ಚೆಂಡು ಎದುರಾಳಿಗೆ ಹೋಗುತ್ತದೆ. ಒಂದೇ ಅಂಕದ ಅಂತರವಿರುವ ಪಂದ್ಯದ ಕೊನೆಯಲ್ಲಿ ಆ ಸೀಟಿ ತಪ್ಪಾಗಿ ಮೊಳಗಿದರೆ, ವರ್ಷವಿಡೀ ಮಾಡಿದ ಅಭ್ಯಾಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಹಾಗಾದರೆ ಈ ನಿಯಮ ಹುಟ್ಟಿದ್ದೇಕೆ?

1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಹುಡುಕುತ್ತಿದ್ದರು. ಚೆಂಡು ಹಿಡಿದು ಓಡುವವನನ್ನು ಕೆಡವಿ ನಿಲ್ಲಿಸುವ ಆಟಗಳು ಗಟ್ಟಿ ನೆಲದ ಮೇಲೆ ಅಪಾಯಕರ. ಓಡುವುದನ್ನೇ ನಿಷೇಧಿಸಿದರೆ ಕೆಡವುವ ಪ್ರಮೇಯವೇ ಇಲ್ಲವೆಂದು ಅವರು ಯೋಚಿಸಿದರು. ಅವರ 13 ನಿಯಮಗಳಲ್ಲಿ ಮೂರನೆಯದು ಹೀಗಿತ್ತು: ಚೆಂಡು ಹಿಡಿದ ಜಾಗದಿಂದಲೇ ಅದನ್ನು ಎಸೆಯಬೇಕು. ವೇಗವಾಗಿ ಓಡುತ್ತಿರುವಾಗ ಹಿಡಿದವನಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಆದರೆ ‘ಸ್ವಲ್ಪ’ ಎಂದರೆ ಎಷ್ಟು ಹೆಜ್ಜೆ? ಮುಂದಿನ ವಾದಗಳೆಲ್ಲ ಹುಟ್ಟಿದ್ದು ಇಲ್ಲಿಯೇ.

ಎದುರಾಳಿಗಳು ಸುತ್ತುವರಿದಾಗ ಆಟಗಾರರು ಚೆಂಡನ್ನು ನೆಲಕ್ಕೆ ಪುಟಿಸಿ ತಾವೇ ಮತ್ತೆ ಹಿಡಿಯತೊಡಗಿದರು. ಕೈಬಿಟ್ಟ ಚೆಂಡನ್ನು ‘ಹಿಡಿದು ಓಡಿದೆ’ ಎನ್ನಲಾಗದು! ಡ್ರಿಬಲ್ ಹುಟ್ಟಿದ್ದು ಹೀಗೆ. ನಿಂತವನು ಒಂದು ಕಾಲನ್ನು ಊರಿ ಇನ್ನೊಂದನ್ನು ತಿರುಗಿಸಬಹುದೆಂಬ ‘ಪಿವಟ್’ ಕೂಡ ಆಟದಲ್ಲಿ ನೆಲೆಯೂರಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿಯೇ ಕಲಿತ ಎಚ್.ಸಿ. ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ದಕ್ಷಿಣ ಭಾರತದಲ್ಲಿ ದೈಹಿಕ ಶಿಕ್ಷಕರ ತರಬೇತಿಗೆ ಅದು ಭದ್ರ ತಳಹದಿಯಾಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಮಹಿಳಾ ಕಪ್ ನಡೆಯಿತು. ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಎರಡೇ ಅಂಕಗಳ ಅಂತರ! ಇಂಥ ಕಡೆ ಒಂದು ಸೀಟಿಯ ತೂಕವೆಷ್ಟೆಂದು ನೀವೇ ಊಹಿಸಿ. ಆ ಪಂದ್ಯವಾದ ಎರಡೇ ತಿಂಗಳಿಗೆ, ಅಕ್ಟೋಬರ್ 1ರಿಂದ, ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಬಾ ಹೆಜ್ಜೆಯ ಲೆಕ್ಕವನ್ನೇ ಬದಲಿಸಿತು. ಓಡುತ್ತ ಚೆಂಡನ್ನು ಹಿಡಿತಕ್ಕೆ ತಂದುಕೊಂಡ ಕ್ಷಣದಲ್ಲಿ ನೆಲದ ಮೇಲಿರುವ ಕಾಲು ಈಗ ಲೆಕ್ಕಕ್ಕಿಲ್ಲ, ಅದು ‘ಸೊನ್ನೆ’. ಎಣಿಕೆ ಆರಂಭವಾಗುವುದು ಅದರ ಮುಂದಿನ ಹೆಜ್ಜೆಯಿಂದ. ಎರಡು ಹೆಜ್ಜೆಗಳಿಗೆ ಅವಕಾಶವಿದೆ. ಹಳೆಯ ಲೆಕ್ಕದಲ್ಲಿ ತಪ್ಪಾಗುತ್ತಿದ್ದ ನಡೆ ಹೊಸ ಲೆಕ್ಕದಲ್ಲಿ ಸರಿಯಾಗಬಹುದು.

ಆದ್ದರಿಂದ ತೀರ್ಪು ನೀಡುವವರು ಹೆಜ್ಜೆ ಎಣಿಸಲು ಅವಸರಪಡಬಾರದು. ಮೊದಲು ಕೈ ನೋಡಬೇಕು: ಚೆಂಡು ಹಿಡಿತಕ್ಕೆ ಬಂದದ್ದು ಯಾವಾಗ? ಅನಂತರ ಕಾಲು: ಆಗ ನೆಲದ ಮೇಲಿದ್ದದ್ದು ಯಾವುದು? ನಿಂತಲ್ಲಿಂದ ಡ್ರಿಬಲ್ ಆರಂಭಿಸುವಾಗ ಪಿವಟ್ ಕಾಲು ಏಳುವ ಮುನ್ನವೇ ಚೆಂಡು ಕೈಬಿಡಬೇಕು. ಎಸೆಯುವುದಕ್ಕಾದರೆ ಆ ಕಾಲನ್ನು ಎತ್ತಬಹುದು, ಆದರೆ ಅದು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಯಿಂದ ಹೋಗಿರಬೇಕು. ಚೆಂಡಿನೊಡನೆ ಬಿದ್ದು ಜಾರಿದರೆ ತಪ್ಪಲ್ಲ. ಅದನ್ನು ಹಿಡಿದೇ ಉರುಳಿದರೆ, ಏಳಲು ಯತ್ನಿಸಿದರೆ ತಪ್ಪು.

ಮಿತ್ರರೇ, ನೋಡುವ ಕಣ್ಣಿಗೆ ‘ಹೆಚ್ಚು ನಡೆದಂತೆ’ ಕಂಡದ್ದೆಲ್ಲ ತಪ್ಪಲ್ಲ. ಆಟ ಕುಸ್ತಿಯಾಗದಿರಲಿ ಎಂಬುದೇ ನೈಸ್ಮಿತ್ ಅವರ ಉದ್ದೇಶ. ಹೆಜ್ಜೆಯ ಲೆಕ್ಕ ಬದಲಾದರೂ ಆ ಉದ್ದೇಶ ಬದಲಾಗಿಲ್ಲ. ನಾಳೆ ನಿಮ್ಮ ತಾಲ್ಲೂಕು ಕ್ರೀಡಾಕೂಟದಲ್ಲಿ ಸೀಟಿ ನಿಮ್ಮ ಕೈಗೇ ಬಂದೀತು. ಆಗ ಇಂದಿನ ನಿಯಮ ತಿಳಿದಿರಲಿ. ಕಂಡದ್ದಕ್ಕೆ ಮಾತ್ರ ಊದಿ, ಊಹಿಸಿದ್ದಕ್ಕಲ್ಲ.