ಕೀಲಿಮಣೆಯ ಅಂಕಿತ

ನಮ್ಮ ವಚನಕಾರರೂ ಹರಿದಾಸರೂ ತಮ್ಮ ಹೆಸರನ್ನು ಮೆರೆಸಿದವರಲ್ಲ. ಇಷ್ಟದೈವದ ಹೆಸರನ್ನೇ ಅಂಕಿತವಾಗಿಟ್ಟರು. ಆದರೂ ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರೂ, ಪುರಂದರವಿಠಲ ಎಂದೊಡನೆ ಪುರಂದರದಾಸರೂ ನೆನಪಾಗುತ್ತಾರೆ. ಕರ್ತೃ ವಿನಯದಿಂದ ಮರೆಯಲ್ಲಿ ನಿಂತರೂ ನಾಡು ಅವನನ್ನು ಮರೆಯದಂತೆ ಅಂಕಿತವು ಕಾಪಾಡಿತು. ಗಣಕಯುಗದಲ್ಲಿ ಕನ್ನಡಕ್ಕಾಗಿ ದುಡಿದವರಿಗೆ ಅಂಥ ಅಂಕಿತವುಂಟೆ ಎಂಬುದು ರಾಜ್ಯೋತ್ಸವದ ಈ ಹೊತ್ತಿನಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ. ಪಿ. ರಾವ್ ಅವರು ನಮ್ಮಲ್ಲಿ ಅನೇಕರಂತೆ ಉದ್ಯೋಗನಿಮಿತ್ತ ಮುಂಬಯಿಗೆ ಬಂದವರು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡಿದ ಅವರು ಭಾರತೀಯ ಲಿಪಿಗಳನ್ನು ಗಣಕದ ಮೂಲಕ ಅಚ್ಚಿಗೆ ತರುವ ವಿದ್ಯೆಯಲ್ಲಿ ಪರಿಣತರಾದರು. ಕನ್ನಡಕ್ಕೆ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಸರಳತೆಯಿಂದಲೇ ಗೆದ್ದಿತು. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಅಕ್ಷರದ ಕೀಲಿಗಳಲ್ಲೇ ಕನ್ನಡದ ವರ್ಣಮಾಲೆಯೆಲ್ಲ ಅಡಗಿತು. ಒಂದು ಕೀಲಿಯನ್ನು ಒತ್ತಿದರೆ ಕ. ಅದನ್ನೇ ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಅರ್ಧಾಕ್ಷರದ ಕೀಲಿ. ‘ಕನ್ನಡ’ ಎಂದು ಬರೆಯಲು ಐದೇ ಒತ್ತು ಸಾಕು: ಕ, ನ, ಅರ್ಧಾಕ್ಷರ, ನ, ಡ. ನೂರಾರು ಗುಣಿತಾಕ್ಷರ, ಒತ್ತಕ್ಷರಗಳನ್ನು ಕಂಠಪಾಠ ಮಾಡುವ ಶ್ರಮ ಉಳಿಯಿತು. ಈ ವಿನ್ಯಾಸವನ್ನು ಅವರು ಸ್ವಂತ ಆಸ್ತಿಯೆಂದು ಕಟ್ಟಿಡದೆ ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು.

ಇನ್ನೊಂದು ಸಂಗತಿ ಸ್ಮರಣೀಯ. ತಮ್ಮ ಕನ್ನಡ ತಂತ್ರಾಂಶಕ್ಕೆ ರಾವ್ ಅವರು ಇಟ್ಟ ಹೆಸರು ‘ಸೇಡಿಯಾಪು’. ಛಂದಸ್ಸಿನಲ್ಲಿಯೂ ಭಾಷಾಶಾಸ್ತ್ರದಲ್ಲಿಯೂ ಅಗಾಧ ಪಾಂಡಿತ್ಯ ಪಡೆದಿದ್ದ ಸೇಡಿಯಾಪು ಕೃಷ್ಣ ಭಟ್ಟರು (1902–1996) ಹೀಗೆ ಯಂತ್ರದೊಳಗೂ ನೆಲೆಸಿದರು. ಅನ್ಯರ ಹೆಸರನ್ನು ಉಳಿಸುವ ಸಂಸ್ಕಾರ ಇದೇ.

ಮುಂದೆ ಕನ್ನಡ ಗಣಕ ಪರಿಷತ್ತು ಇದೇ ವಿನ್ಯಾಸವನ್ನು ಅಲ್ಪಸ್ವಲ್ಪ ಮಾರ್ಪಾಟಿನೊಡನೆ ‘ನುಡಿ’ ತಂತ್ರಾಂಶದಲ್ಲಿ ಅಳವಡಿಸಿತು. ಕರ್ನಾಟಕ ಸರ್ಕಾರವೂ ಮನ್ನಣೆ ನೀಡಿತು. ಕಚೇರಿ ಕಚೇರಿಗೂ ಅದನ್ನು ಮುಟ್ಟಿಸಿದ ಶ್ರೇಯಸ್ಸು ಪರಿಷತ್ತಿಗೆ ಸಲ್ಲತಕ್ಕದ್ದೇ. ಆದರೆ ಲೋಕದಾದ್ಯಂತ ಬಳಕೆಯಲ್ಲಿರುವ ಲಿನಕ್ಸ್ ವ್ಯವಸ್ಥೆಯ ಕೀಲಿಮಣೆಗಳ ಪಟ್ಟಿಯನ್ನು ತೆರೆದರೆ ಅಲ್ಲಿ ಕಾಣುವ ಹೆಸರು ‘ಕಗಪ’, ಎಂದರೆ ಕನ್ನಡ ಗಣಕ ಪರಿಷತ್ತು. ಅದೇ ಪಟ್ಟಿಯಲ್ಲಿ ಹಿಂದಿ, ಸಂಸ್ಕೃತ, ತೆಲುಗು, ಮರಾಠಿಗಳಿಗೂ ಕಗಪ ವಿನ್ಯಾಸವುಂಟು. ಠಾಣೆಯಲ್ಲೋ ಡೊಂಬಿವಲಿಯಲ್ಲೋ ನಮ್ಮ ನೆರೆಮನೆಯ ಮರಾಠಿ ಮಿತ್ರರು ಅದನ್ನು ಆರಿಸಿಕೊಂಡು ತಮ್ಮ ಭಾಷೆಯನ್ನು ಬರೆಯಬಹುದು. ಮುಂಬಯಿಯಲ್ಲಿ ದುಡಿದ ಕನ್ನಡಿಗನೊಬ್ಬನ ಬುದ್ಧಿಯ ಫಲ ಮರಾಠಿಗೂ ಒದಗಿತೆಂಬುದು ನಮಗೆ ಅಭಿಮಾನದ ವಿಷಯ. ಆದರೆ ಆ ಮೂರಕ್ಷರದ ಅಂಕಿತದಲ್ಲಿ ಸಂಸ್ಥೆಯುಂಟು, ವ್ಯಕ್ತಿಯಿಲ್ಲ.

ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಅಮೆರಿಕೆಯಲ್ಲಿದ್ದುಕೊಂಡು ಶೇಷಾದ್ರಿವಾಸು ಅವರು ಬಿಡುವಿನ ವೇಳೆಯಲ್ಲಿ ರಚಿಸಿ 1998ರಲ್ಲಿ ಹೊರತಂದ ‘ಬರಹ’ವು ಒಂದು ತಂತ್ರಾಂಶ, ಅದನ್ನು ತೆರೆದಾಗಲೆಲ್ಲ ಇದು ಯಾರೋ ಒಬ್ಬರು ಮಾಡಿದ ವಸ್ತುವೆಂಬುದು ತಿಳಿಯುತ್ತದೆ. ಕೀಲಿಮಣೆಯ ವಿನ್ಯಾಸ ಹಾಗಲ್ಲ. ಅದು ಬೆರಳುಗಳ ಅಭ್ಯಾಸವಾಗಿಬಿಡುತ್ತದೆ. ಅಭ್ಯಾಸವಾದದ್ದಕ್ಕೆ ಕರ್ತೃವೊಬ್ಬನಿದ್ದನೆಂಬುದನ್ನೇ ನಾವು ಮರೆಯುತ್ತೇವೆ. ಕೊಡುಗೆ ಸರ್ವರದಾದಷ್ಟೂ ಕೊಟ್ಟವನ ಹೆಸರು ಅಳಿಯುತ್ತದೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯವು 2013ರಲ್ಲಿ ರಾವ್ ಅವರಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. ಬಲ್ಲವರು ಇಂದಿಗೂ ಅದನ್ನು ಕೆ. ಪಿ. ರಾವ್ ಕೀಲಿಮಣೆಯೆಂದೇ ಕರೆಯುತ್ತಾರೆ. ಬಲ್ಲವರ ಆ ರೂಢಿಯನ್ನು ಎಲ್ಲರ ರೂಢಿಯಾಗಿಸುವುದು ಕಷ್ಟವೇನಲ್ಲ. ನಮ್ಮ ಊರುಗಳಲ್ಲಿ ಹಗಲೆಲ್ಲ ಕಂಪನಿಯ ತಂತ್ರಾಂಶ ಬರೆದು, ರಾತ್ರಿ ಕನ್ನಡಕ್ಕೆ ಏನಾದರೂ ಮಾಡಬೇಕೆಂದು ಕೂಡುವ ತರುಣ ತರುಣಿಯರು ಇರಬಹುದು. ಅವರಿಗೆ ಹಣ ಕೊಡಲು ನಮ್ಮ ಸಂಘಗಳಿಗೆ ಶಕ್ತಿ ಸಾಲದು; ಹೆಸರು ಹೇಳಲು ಶಕ್ತಿಯೇನೂ ಬೇಡ. ಸಂಚಿಕೆಯ ಕೊನೆಯ ಪುಟದಲ್ಲಿ ಮುದ್ರಕರಿಗೆ, ಜಾಹೀರಾತುದಾರರಿಗೆ ಕೃತಜ್ಞತೆ ಅರ್ಪಿಸುವಲ್ಲಿ, ಈ ಅಕ್ಷರಗಳನ್ನು ಯಾರ ಕೀಲಿಮಣೆಯಿಂದ ಜೋಡಿಸಲಾಯಿತೆಂದು ಒಂದು ಸಾಲು ಸೇರಿಸೋಣ. ಮಕ್ಕಳಿಗೆ ಗಣಕದಲ್ಲಿ ಕನ್ನಡ ಕಲಿಸುವ ಮೊದಲ ದಿನವೇ ಆ ಹೆಸರನ್ನೂ ಕಲಿಸೋಣ.