ಸೋರುವ ಮಾಳಿಗೆಯ ಹಾಡು: ಶರೀಫರ ತತ್ವಪದ ಪಾಪ್ ತಂಡದ ಆಲ್ಬಮ್ ಸೇರಿದ ಬಗೆ

ಶಿಶುನಾಳ ಶರೀಫರ ‘ಸೋರುತಿಹುದು ಮನಿಯ ಮಾಳಿಗಿ’ ಎಂಬ ತತ್ವಪದವು 2008ರಲ್ಲಿ ‘ದ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಮ್‌ನಲ್ಲಿ ಸೇರಿ ಬಿಡುಗಡೆಯಾಯಿತು. ಅದೇ ಆಲ್ಬಮ್‌ನಲ್ಲಿ ಹಿಂದಿ ಮತ್ತು ಇಂಗ್ಲಿಷ್ ಹಾಡುಗಳೂ ಶರೀಫರದೇ ಮತ್ತೊಂದು ಪದವಾದ ‘ಗುಡುಗುಡಿಯ ಸೇದಿ ನೋಡೋ’ ಕೂಡ ಇದ್ದವು. ಹತ್ತೊಂಬತ್ತನೆಯ ಶತಮಾನದ ಭಜನೆಯ ಪದವೊಂದು ಗಿಟಾರ್, ಬೇಸ್, ಡ್ರಮ್ಸ್ ಹಾಗೂ ಪಿಟೀಲಿನ ತಂಡಕ್ಕೆ ಒದಗಿ ಬಂದದ್ದು ಆಕಸ್ಮಿಕವಲ್ಲ. ಅದರ ಹಿಂದೆ ಧ್ವನಿಮುದ್ರಣದ ಒಂದು ಚರಿತ್ರೆಯೇ ಇದೆ.

ಶರೀಫರು (1819–1889) ಹುಬ್ಬಳ್ಳಿಯ ದಕ್ಷಿಣಕ್ಕಿರುವ ಶಿಶುನಾಳದವರು. ಶಿಗ್ಗಾಂವಿ ತಾಲ್ಲೂಕಿನ ಈ ಊರು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು, ಈಗ ಹಾವೇರಿ ಜಿಲ್ಲೆಗೆ ಸೇರಿದೆ. ಕಳಸದ ಗೋವಿಂದಭಟ್ಟರು ಅವರ ಗುರು. ಶರೀಫರು ಹಾಡಿದ್ದನ್ನು ಕೇಳಿದವರು ಕಲಿತರು, ಕಲಿತವರು ಮುಂದಿನವರಿಗೆ ಕಲಿಸಿದರು. ಏಕತಾರಿ, ದಮ್ಮಡಿ, ತಾಳಗಳ ಜೊತೆ ಮಠ, ಗುಡಿ, ದರ್ಗಾಗಳ ಅಂಗಳದಲ್ಲಿ ಪದಗಳು ಉಳಿದವು. ಹೀಗಾಗಿ ಒಂದೇ ಪದಕ್ಕೆ ಊರಿಗೊಂದು ಧಾಟಿ, ಕೆಲವೆಡೆ ಬೇರೆ ಬೇರೆ ಪಾಠ.

‘ಸೋರುತಿಹುದು’ ಪದದ ಶಕ್ತಿ ಅದರ ಚಿತ್ರದಲ್ಲಿದೆ. ಧಾರವಾಡ ಸೀಮೆಯ ಹಳೆಯ ಮನೆಗಳಿಗೆ ಇಳಿಜಾರಿನ ಹೆಂಚಿಗಿಂತ ಚಪ್ಪಟೆಯ ಮಣ್ಣಿನ ಮಾಳಿಗೆಯೇ ಹೆಚ್ಚು. ಕಂಬಗಳ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಕಟ್ಟಕಡೆಗೆ ದಪ್ಪಗೆ ಹರವಿ ಗಟ್ಟಿಸಿದ ಮಣ್ಣು. ಮುಂಗಾರಿಗೆ ಮೊದಲೇ ಮಾಳಿಗೆ ಹತ್ತಿ ಬಿರುಕಿಗೆ ಹೊಸ ಮಣ್ಣು ಮೆತ್ತದಿದ್ದರೆ ಮಳೆಗಾಲವೆಲ್ಲ ಒಳಗೆ ಪಾತ್ರೆ ಇಟ್ಟು ನೀರು ಹಿಡಿಯಬೇಕು. ಜಂತಿಗೆ ಹುಳು ಬಿದ್ದರೆ ಮಣ್ಣಿನ ಭಾರಕ್ಕೆ ಚಾವಣಿಯೇ ಕುಸಿಯುತ್ತದೆ. ಶರೀಫರು ಈ ಮನೆಯನ್ನು ದೇಹವಾಗಿ, ಸೋರಿಕೆಯನ್ನು ಅಜ್ಞಾನದ ಫಲವಾಗಿ ಕಂಡರು. ದುರಸ್ತಿ ಮಾಡಬೇಕಾದವನೇ ಮಾಳಿಗೆ ಹತ್ತಲಾರದೆ ಕುಳಿತ ದುಗುಡ ಅದರಲ್ಲಿದೆ. ಇಂದು ಧಾರವಾಡ–ಬೆಳಗಾವಿ ಹೆದ್ದಾರಿಯ ಬೇಲೂರು ಕೈಗಾರಿಕಾ ಪ್ರದೇಶದ ಸುತ್ತಲ ಊರುಗಳಲ್ಲೂ ಆರ್‌ಸಿಸಿ ಮನೆಗಳು ಎದ್ದಿವೆ. ಮಣ್ಣಿನ ಮಾಳಿಗೆಯನ್ನು ಕಾಣದ ತಲೆಮಾರಿಗೂ ಈ ಹಾಡು ತಟ್ಟುತ್ತದೆ ಎಂಬುದು ರೂಪಕದ ಗಟ್ಟಿತನಕ್ಕೆ ಸಾಕ್ಷಿ.

ಭಜನೆಯಲ್ಲಿ ಒಂದು ಪದಕ್ಕೆ ಕಾಲದ ಮಿತಿಯಿಲ್ಲ. ಪಲ್ಲವಿ ಎಷ್ಟು ಸಲ ಮರಳಬೇಕೆಂಬುದು ಹಾಡುವವರ ಮನಸ್ಸಿಗೆ ಬಿಟ್ಟದ್ದು. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ನಿಧಾನಗತಿಯ ತತ್ವಪದಕ್ಕೆ ಅದು ಇಕ್ಕಟ್ಟಿನ ಜಾಗ. ಕ್ಯಾಸೆಟ್ ಬಂದ ಮೇಲೆ ಆ ಇಕ್ಕಟ್ಟು ತಪ್ಪಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದು, ಸಿನಿಮಾ ಹಾಡಲ್ಲದ ಕನ್ನಡ ಗೀತೆಗೂ ಮಾರುಕಟ್ಟೆಯಿದೆ ಎಂದು ತೋರಿಸಿಕೊಟ್ಟಿತು. ಈ ಹಾದಿಯಲ್ಲೇ ಸಿ. ಅಶ್ವತ್ಥ್ ಅವರ ಕಂಠದಲ್ಲಿ ಶರೀಫರು ಮನೆಮನೆಗೆ ಬಂದರು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರಕ್ಕೆ ಸಂಗೀತ ಕೊಟ್ಟವರೂ ಅಶ್ವತ್ಥ್ ಅವರೇ. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ನಟಿಸಿದ ಆ ಚಿತ್ರ ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಪಡೆಯಿತು. ಅಲ್ಲಿಂದ ಮುಂದೆ ನಗರದ ಕೇಳುಗರಿಗೆ ಶರೀಫರ ಪದವೆಂದರೆ ಅಶ್ವತ್ಥರ ಧಾಟಿ ಎಂಬಂತಾಯಿತು.

ರಘು ದೀಕ್ಷಿತ್ ಆ ಧಾಟಿಯನ್ನು ಬಿಟ್ಟು ಬೇರೆ ದಾರಿ ಹಿಡಿದವರು. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತಿದ್ದ ಅವರು 1990ರ ದಶಕದ ಕೊನೆಗೆ ‘ಅಂತರಾಗ್ನಿ’ ತಂಡ ಕಟ್ಟಿದರು. ಅದೇ ಮುಂದೆ ‘ಪ್ರಾಜೆಕ್ಟ್’ ಆಯಿತು. ಸಿನಿಮಾದ ಹಂಗಿಲ್ಲದ, ಹಲವು ಭಾಷೆಗಳು ಬೆರೆತ ಹಾಡುಗಳಿಗೆ ಧ್ವನಿಮುದ್ರಣ ಕಂಪನಿಗಳ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ಕೊನೆಗೆ ಅವನ್ನು ಹೊರತಂದದ್ದು ಹಿಂದಿ ಚಿತ್ರರಂಗದ ಸಂಗೀತ ಜೋಡಿ ವಿಶಾಲ್–ಶೇಖರ್ ಅವರ ಕೌಂಟರ್ ಕಲ್ಚರ್ ರೆಕಾರ್ಡ್ಸ್.

ಪಾಪ್ ಸಂಗೀತದಲ್ಲಿ ವಿಳಂಬ ಗತಿಯ, ಮಾತಿಗೆ ಪ್ರಾಧಾನ್ಯವಿರುವ ಭಾವಗೀತೆಯನ್ನು ಬ್ಯಾಲಡ್ ಎನ್ನುತ್ತಾರೆ. ತತ್ವಪದದ ಕಟ್ಟು ಅದಕ್ಕೆ ತೀರ ದೂರದ್ದಲ್ಲ. ಮರಳಿ ಮರಳಿ ಬರುವ ಪಲ್ಲವಿ, ಒಂದೊಂದೇ ವಿವರ ಸೇರಿಸುತ್ತ ಹೋಗುವ ನುಡಿಗಳು, ಕೊನೆಯಲ್ಲಿ ‘ಶಿಶುನಾಳಧೀಶ’ನ ಅಂಕಿತ, ತಂಡವೊಂದಕ್ಕೆ ಬೇಕಾದ ನಿಲುಗಡೆಗಳೆಲ್ಲ ಪದದೊಳಗೇ ಇವೆ. ಏಕತಾರಿಯ ಒಂದೇ ಶ್ರುತಿ ಇದ್ದಲ್ಲಿ ಗಿಟಾರಿನ ಸ್ವರಮೇಳ ಬಂತು. ತಂಡದ ದೊಡ್ಡ ವಿವೇಕವೆಂದರೆ ಭಾಷೆಯನ್ನು ತಿದ್ದದೆ ಇದ್ದದ್ದು. ಮೈಸೂರು ಕಡೆಯ ಗಾಯಕ ಹಾಡಿದರೂ ಆಲ್ಬಮ್‌ನ ಶೀರ್ಷಿಕೆಯಲ್ಲಿ ‘ಮನೆಯ ಮಾಳಿಗೆ’ ಎಂದಾಗದೆ ಧಾರವಾಡದ ‘ಮನಿಯ ಮಾಳಿಗಿ’ಯೇ ಉಳಿಯಿತು. ಪುಸ್ತಕದ ಕನ್ನಡಕ್ಕೆ ಒಗ್ಗಿಸಿದ್ದರೆ ಪದದ ಜೀವವೇ ಹೋಗುತ್ತಿತ್ತು.

ಆಲ್ಬಮ್ 2010ರಲ್ಲಿ ಬ್ರಿಟನ್ ತಲುಪಿತು. ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಹಾಡಿದ ಮೇಲೆ ಅಲ್ಲಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ ಬಂತು. 2013ರ ಎರಡನೆಯ ಆಲ್ಬಮ್ ‘ಜಗ್ ಚಂಗಾ’ದಲ್ಲಿ ಶರೀಫರ ‘ಲೋಕದ ಕಾಳಜಿ’ ಸೇರಿತು. ಆ ಹೊತ್ತಿಗೆ ಅಂಗಡಿಯ ಸಿ.ಡಿ.ಗಿಂತ ಯೂಟ್ಯೂಬ್ ಮುಖ್ಯವಾಗಿತ್ತು. ಕನ್ನಡದಲ್ಲಿ ಎಂದೂ ಗಟ್ಟಿಯಾಗಿ ಬೇರೂರದ ಬಿಡಿ ಹಾಡಿನ ಬಿಡುಗಡೆ ಹೀಗೆ ವಿಡಿಯೊ ರೂಪದಲ್ಲಿ ನೆಲೆ ಕಂಡಿತು.

ಅಶ್ವತ್ಥರ ಧಾಟಿ ಮತ್ತು ರಘು ದೀಕ್ಷಿತರ ಧಾಟಿ ಇಂದು ಯಾರಿಗೂ ಬೆರಳ ತುದಿಯಲ್ಲಿ ಸಿಗುತ್ತವೆ. ಇವೆರಡಕ್ಕೂ ಬೇರಾದ ಹಳ್ಳಿಯ ಭಜನೆಯ ಧಾಟಿಗಳಿಗೆ ಆ ಭಾಗ್ಯವಿಲ್ಲ. ಧಾರವಾಡ, ಹಾವೇರಿ ಜಿಲ್ಲೆಗಳ ಹಿರಿಯ ಭಜನೆಗಾರರು ಹಾಡುವ ರೀತಿಯನ್ನು ಊರು, ಹಾಡುಗಾರ, ವರ್ಷದ ವಿವರಗಳೊಡನೆ ಮುದ್ರಿಸಿಡುವ ಕೆಲಸವನ್ನು ವಿಶ್ವವಿದ್ಯಾಲಯಗಳೂ ಆಸಕ್ತರೂ ತಡಮಾಡದೆ ಕೈಗೆತ್ತಿಕೊಳ್ಳಬೇಕು.